ಒಂದು ತಂಬಿಗೆ ನೀರು

ನಮ್ಮ ಕಛೇರಿಯ ಹಿಂಭಾಗದಲ್ಲಿ, ಹಳೆಯ ಕಡತಗಳನ್ನು ಒಟ್ಟಿರುವ ಕೋಣೆಯ ಮಗ್ಗುಲಿಗೆ, ಒಂದು ನಲ್ಲಿ ಇದೆ. ಅದೇನೂ ಪ್ರೇಕ್ಷಣೀಯ ಸ್ಥಳವಲ್ಲ. ಊರಿನಿಂದ ಬಂದ ನೆಂಟರಿಗೆ ಶನಿವಾರವಾಡೆ, ಪರ್ವತಿ, ಸಿಂಹಗಡ ಇವನ್ನು ತೋರಿಸುವುದು ಪುಣೆಯಲ್ಲಿರುವ ಕನ್ನಡಿಗರಾದ ನಮ್ಮೆಲ್ಲರ ಪಾಲಿಗೆ ಬಂದ ಕರ್ತವ್ಯ. ನಾನೂ ಬೇಕಾದಷ್ಟು ಸಲ ತೋರಿಸಿದ್ದೇನೆ. ಆದರೆ ಹನ್ನೊಂದು ವರ್ಷ ಈ ಊರಿನಲ್ಲಿದ್ದು ನಾನು ಕಲಿತುಕೊಂಡದ್ದರಲ್ಲಿ ಒಂದು ದೊಡ್ಡ ಪಾಲು ಆ ನಲ್ಲಿಯ ಬಳಿ ಆರಂಭವಾದುದರಿಂದ, “ಪುಣೆಯ ಬಗ್ಗೆ ಏನಾದರೂ ಬರೆಯಿರಿ” ಎಂದು ಸಂಪಾದಕರು ಕೇಳಿದಾಗ ಮೊದಲು ನೆನಪಾದದ್ದು ಅದೇ.

ಮಧ್ಯಾಹ್ನ ಒಂದೂಕಾಲರ ಸುಮಾರಿಗೆ ಒಬ್ಬ ಹಿರಿಯರು ಆ ನಲ್ಲಿಗೆ ಬರುತ್ತಾರೆ. ಕಛೇರಿಯಲ್ಲಿ ಮರಾಠಿಯವರೂ ನಾವೂ ಎಲ್ಲರೂ ಅವರನ್ನು ‘ಚಾಚಾ’ ಎಂದೇ ಕರೆಯುವುದು. ಇಂಡಿ ತಾಲೂಕಿನವರು. ಮನೆಮಾತು ದಖನಿಯಾದರೂ ನನ್ನೊಡನೆ ಆಡುವುದು ಅಪ್ಪಟ ನಮ್ಮ ಕಡೆಯ ಕನ್ನಡ. ಅವರು ಕಾಲ್ಚೀಲ ಕಳಚಿ ಕಿಸೆಗೆ ಹಾಕಿಕೊಂಡು, ಅಂಗಿಯ ತೋಳನ್ನು ಮೊಳಕೈಯ ಮೇಲಕ್ಕೆ ಮಡಿಸಿ, ಮೊದಲು ಮಣಿಕಟ್ಟಿನವರೆಗೆ ಕೈ, ಆಮೇಲೆ ಬಾಯಿ, ಮೂಗು, ಮುಖ, ಬಲದ ಮೊಳಕೈ, ಎಡದ ಮೊಳಕೈ, ಒದ್ದೆ ಅಂಗೈಯಿಂದ ತಲೆ, ಕಿವಿ, ಕೊನೆಗೆ ಹರಡಿನವರೆಗೆ ಬಲಗಾಲು, ಎಡಗಾಲು—ಈ ಕ್ರಮ ಒಂದು ದಿನವೂ ಹಿಂದುಮುಂದಾದದ್ದನ್ನು ನಾನು ಕಂಡಿಲ್ಲ. ಏಳು ವರ್ಷ ನೋಡಿದೆ. ಒಂದು ದಿನವೂ ಕೇಳಲಿಲ್ಲ. ಬೇರೆಯವರ ದೇವರ ವಿಷಯ ಕೇಳಬಾರದೆಂಬುದು ಸಭ್ಯತೆಯೆಂದು ನಾನು ತಿಳಿದಿದ್ದೆ. ಅದು ಸಭ್ಯತೆಗಿಂತ ಸೋಮಾರಿತನವೇ ಹೆಚ್ಚು ಎಂದು ಈಗ ತೋರುತ್ತದೆ.

ಒಂದು ಬೇಸಗೆಯ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಚಾಚಾ ಬರಿಗೈಯಲ್ಲಿ ಹಿಂದಿರುಗುವುದನ್ನು ಕಂಡು, ನನ್ನ ಮೇಜಿನ ಮೇಲಿದ್ದ ಒಂದು ಲೀಟರಿನ ನೀರಿನ ಸೀಸೆ ಕೊಟ್ಟೆ. “ಇದರಾಗ ಎಲ್ಲಿ ಆಗಬೇಕು, ಇನ್ನೊಂದು ತರಿಸ್ತೀನಿ” ಎಂದೆ. “ಇದು ಭಾಳ ಆತು ರಾಯರ” ಎಂದವರು ಅಷ್ಟನ್ನೂ ಪೂರೈಸಿ, ಸೀಸೆಯಲ್ಲಿ ನಾಲ್ಕು ಬೆರಳಿನಷ್ಟು ಉಳಿಸಿ, ಅದನ್ನು ಕಿಟಕಿಯಲ್ಲಿದ್ದ ಕುಂಡಕ್ಕೆ ಹಾಕಿದರು. ನಾನು ಕಣ್ಣರಳಿಸಿ ನಿಂತದ್ದನ್ನು ನೋಡಿ ನಕ್ಕರು. ಅವರ ಪೈಗಂಬರರು ಈ ವಜೂವಿಗೆ ಒಂದು ‘ಮುದ್ದ್’ ನೀರನ್ನೂ, ಇಡಿಯ ಮೈಯ ಸ್ನಾನಕ್ಕೆ ಅದರ ನಾಲ್ಕರಷ್ಟು, ಬಹಳವೆಂದರೆ ಐದರಷ್ಟು ನೀರನ್ನೂ ಬಳಸುತ್ತಿದ್ದರೆಂದು ಹದೀಸಿನಲ್ಲಿ ಇದೆಯಂತೆ. ಒಂದು ಮುದ್ದ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಲೀಟರು. ಹಾಗಾದರೆ ಸ್ನಾನಕ್ಕೆ ಮೂರು ಲೀಟರು! ಮರಳುಗಾಡಿನ ಮಿತವ್ಯಯ ಎಂದು ನಾನು ಹೇಳಹೊರಟೆ. ಹೊಳೆಯ ದಂಡೆಯ ಮೇಲೆ ಕುಳಿತಿದ್ದರೂ ನೀರು ಪೋಲು ಮಾಡಕೂಡದೆಂದು ಹೇಳಿಕೆಯಿದೆ ಎಂದು ಚಾಚಾ ನನ್ನ ಬಾಯಿ ಮುಚ್ಚಿಸಿದರು. ನಾನು ಮುಂಜಾನೆ ಸುರಿದುಕೊಳ್ಳುವ ಎರಡು ಬಕೆಟ್ಟು ನೀರು ನೆನಪಾಗಿ ಸುಮ್ಮನಾದೆ.

ಹೀಗೆ ಮಾತು ಬೆಳೆಯಿತು. ಒಂದು ರಜೆಯ ದಿನ ಕ್ಯಾಂಪಿನ ಕಡೆಗೆ ಇಬ್ಬರೂ ಹೋದೆವು. ‘ಚಾರ್ ಬಾವಡಿ’, ಅಂದರೆ ನಾಲ್ಕು ಬಾವಿ, ಎಂದು ಹೆಸರಾದ ಎಡೆಯಲ್ಲಿ, ಬೇವಿನ ಮರದ ನೆರಳಿನಲ್ಲಿ, ವರ್ಷಗಟ್ಟಲೆ ಕುಳಿತು 1931ರಲ್ಲಿ ತೀರಿಕೊಂಡ ಬಾಬಾಜಾನ್ ಎಂಬ ಪಠಾಣ ಸಂತಳ ದರ್ಗಾ ಇದೆ. ಅಲ್ಲಿ ತಲೆಬಾಗಿ, ಅಲ್ಲಿಂದ ಮುಂದಕ್ಕೆ ಚಾಚಾ ನಮಾಜಿಗೆ ಹೋಗುವ ಮಸೀದಿಗೆ ನಡೆದೆವು. ನನಗೆ ನೋಡಬೇಕಾಗಿದ್ದದ್ದು ಅಂಗಳದ ಹೌದ. ನಮ್ಮ ಕಡೆ ನೀರು ತುಂಬುವ ತೊಟ್ಟಿಗೆ ‘ಹೌದ’ ಎನ್ನುತ್ತೇವೆ. ಮರಾಠಿಯಲ್ಲಿಯೂ ಅದೇ ಮಾತು. ಎರಡೂ ಬಂದದ್ದು ಇವರ ‘ಹೌಜ್’ ಎಂಬ ಅರಬ್ಬಿ ಶಬ್ದದಿಂದ. ಮಡಿನೀರು ಹಿಡಿದಿಡುವ ತೊಟ್ಟಿಗೇ ನಮ್ಮ ಅಜ್ಜಿಯಂದಿರು ಅರಬ್ಬಿ ಹೆಸರಿಟ್ಟು ಕರೆದದ್ದು ತಮಾಷೆಯಲ್ಲವೆ?

ಹೌದಕ್ಕೂ ಕಾಯಿದೆ ಇದೆ. ನಿಂತ ನೀರಿಗೆ ಹೊಲಸು ಬಿದ್ದರೆ ಅದು ಕೆಡುತ್ತದೆ. ಆದರೆ ನೀರು ಬಹಳವಾಗಿದ್ದರೆ, ಬಣ್ಣ, ರುಚಿ, ವಾಸನೆ ಇವು ಬದಲಾಗುವ ತನಕ ಕೆಡುವುದಿಲ್ಲ. ‘ಬಹಳ’ ಎಂದರೆ ಎಷ್ಟು? ನಮ್ಮ ದಖನಿನ ಮುಸಲ್ಮಾನರು ಹೆಚ್ಚಾಗಿ ಅನುಸರಿಸುವ ಹನಫೀ ಪಂಥದಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲ. ಆಳ, ಬೊಗಸೆಯಿಂದ ನೀರೆತ್ತಿದರೆ ತಳ ಕಾಣದಷ್ಟು. ಭಟ್ಕಳದ ನವಾಯತರೂ ಮಂಗಳೂರಿನ ಬ್ಯಾರಿಗಳೂ ಕೊಂಕಣದ ಮುಸಲ್ಮಾನರೂ ಶಾಫಿಈ ಪಂಥದವರು. ಅವರದು ಎರಡು ‘ಕುಲ್ಲಾ’, ಎಂದರೆ ಎರಡು ದೊಡ್ಡ ಹರವಿಗಳ ಅಳತೆ, ಸುಮಾರು ಇನ್ನೂರು ಲೀಟರು. ಒಮ್ಮೆ ಮೈಗೆ ತಾಗಿ ಬಿದ್ದ ನೀರು ಹೊಲಸಲ್ಲ, ಆದರೆ ಅದರಿಂದ ಇನ್ನೊಮ್ಮೆ ಶುದ್ಧಿಯಾಗಲಾರದು. ಆದುದರಿಂದ ಹೌದದ ಸುತ್ತ ಒಂದು ಗೇಣಿನ ಕಾಲುವೆ. ಕುಳಿತವರು ಗಿಂಡಿಯಿಂದಲೋ ಬೊಗಸೆಯಿಂದಲೋ ನೀರೆತ್ತಿ ಈಚೆಗೆ ತೊಳೆಯುತ್ತಾರೆ, ತೊಳೆದದ್ದು ಕಾಲುವೆಯಲ್ಲಿ ಹರಿದುಹೋಗುತ್ತದೆ. ಈಗ ಹೌದದ ಪಕ್ಕಕ್ಕೆ ನಲ್ಲಿಗಳ ಸಾಲೂ ಇದೆ, ಮುಂದೆ ಸಿಮೆಂಟಿನ ಕಟ್ಟೆಗಳು. ಒಬ್ಬ ಹುಡುಗ ನಲ್ಲಿಯನ್ನು ಭರ್ರನೆ ಬಿಟ್ಟುಕೊಂಡು ಕುಳಿತಿದ್ದ. ಚಾಚಾ ಹೋಗಿ, ಒಂದೂ ಮಾತಾಡದೆ, ಅರ್ಧಕ್ಕೆ ತಿರುಗಿಸಿ ಬಂದರು.

ಇದನ್ನೆಲ್ಲ ಕೇಳಿದಮೇಲೆ ಊರಿಗೆ ಹೋದಾಗ ನನ್ನ ಕಣ್ಣೇ ಬೇರೆಯಾಯಿತು. ಸೊಲ್ಲಾಪುರ, ಹೋಟಗಿ ದಾಟಿ ಬಿಜಾಪುರದಲ್ಲಿ—2014ರಿಂದ ಅದು ವಿಜಯಪುರ, ಆದರೂ ನಾಲಿಗೆ ಹಳೆಯದನ್ನೇ ಹೇಳುತ್ತದೆ—ಇಳಿದು ಮೊದಲು ಹೋದದ್ದು ಜಾಮಿಯಾ ಮಸೀದಿಗೆ. ಒಂದನೆಯ ಅಲಿ ಆದಿಲಶಾಹ ಆರಂಭಿಸಿದ ಆ ಮಸೀದಿಯ ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಮೇಲ್ಪಟ್ಟ ನಮಾಜಿನ ಚೌಕಗಳು ಗುರುತಾಗಿವೆ. ಅಷ್ಟು ಮಂದಿಯೂ ಒಳಹೋಗುವ ಮುನ್ನ ಕೈಕಾಲು ತೊಳೆಯಬೇಕಷ್ಟೆ. ಅಂಗಳದ ನಡುವಿನ ಹೌದ ಚಂದಕ್ಕಾಗಿ ಮಾಡಿದ್ದೆಂದು ನಾನು ಹುಡುಗನಾಗಿದ್ದಾಗ ತಿಳಿದಿದ್ದೆ! ಇಬ್ರಾಹಿಮ್ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಒಂದೇ ಜಗತಿಯ ಮೇಲೆ ಹೌದವಿರುವುದೂ ಅದೇ ಕಾರಣಕ್ಕೆ. ಈ ಹೌದಗಳನ್ನು ತುಂಬಿಸಲು ಪಟ್ಟ ಪಾಡು ಸಾಮಾನ್ಯವಲ್ಲ. ತೊರವೆಯಿಂದ—ಹೌದು, ನಮ್ಮ ತೊರವೆ ರಾಮಾಯಣದ ತೊರವೆಯೇ—ನೆಲದೊಳಗಿನ ಸುರಂಗದಿಂದ ನೀರು ತಂದರು. 1651ರಲ್ಲಿ ಮಹಮ್ಮದ ಆದಿಲಶಾಹನ ಕಾಲಕ್ಕೆ ಬೇಗಂ ತಲಾಬ ಕಟ್ಟಿದರು. ಅಲ್ಲಿಂದ ಬಂದ ಮಣ್ಣಿನ ಕೊಳವೆಗಳು ಒತ್ತಡಕ್ಕೆ ಒಡೆಯದಿರಲೆಂದು ದಾರಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದರು. ಅಂಥ ಒಂದು ಗಂಜಿನ ಬುಡದಲ್ಲಿ ನಾವು ಗೋಲಿಯಾಡುತ್ತಿದ್ದೆವು. ಅದು ಏನೆಂದು ಯಾವ ಮಾಸ್ತರರೂ ಹೇಳಿರಲಿಲ್ಲ.

ವಜೂ ದಿನನಿತ್ಯದ್ದು. ಕೆಲವು ಸಂದರ್ಭಗಳಲ್ಲಿ ಅದು ಸಾಲದು. ಪೂರ್ತಿ ಮೈಯ ಸ್ನಾನವೇ ಆಗಬೇಕು. ಅದಕ್ಕೆ ಗುಸಲ್ ಎನ್ನುತ್ತಾರೆ. ಗಂಡಹೆಂಡಿರ ಕೂಟದ ಮೇಲೆ, ಹೆಂಗಸರ ತಿಂಗಳ ದಿನಗಳು ಮುಗಿದಮೇಲೆ, ಬಾಣಂತಿಯ ರಕ್ತ ನಿಂತಮೇಲೆ ಇದು ಕಡ್ಡಾಯ. ಶುಕ್ರವಾರ ಮತ್ತು ಹಬ್ಬಗಳಂದು ಒಳ್ಳೆಯದು. ಮನಸ್ಸಿನಲ್ಲಿ ಸಂಕಲ್ಪ, ಆಮೇಲೆ ಹೊಲಸು ತೊಳೆದು, ವಜೂ ಮಾಡಿ, ತಲೆಗೆ ಮೂರು ಸಲ, ಬಲಭುಜ, ಎಡಭುಜ. ಹನಫೀಯರಲ್ಲಿ ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರೇರಿಸುವುದು, ಮೈಯೆಲ್ಲ ನೆನೆಯುವುದು ಈ ಮೂರು ತಪ್ಪಿದರೆ ಸ್ನಾನವೇ ಆಗಲಿಲ್ಲ. ಕೂದಲೆಳೆಯಷ್ಟು ಜಾಗ ಒಣಗಿ ಉಳಿದರೂ ಅದನ್ನು ತೊಳೆಯಬೇಕು. ಬಿಗಿಯಾದ ಉಂಗುರವಿದ್ದರೆ ಅಲುಗಿಸಬೇಕು. ರೊಟ್ಟಿ ಬಡಿದವಳ ಉಗುರಿನಲ್ಲಿ ಹಿಟ್ಟು ಒಣಗಿದ್ದರೆ ಕೆರೆದು ತೆಗೆಯಬೇಕು. ಮದರಂಗಿಯ ಬಣ್ಣ ಅಡ್ಡಿಯಿಲ್ಲ, ಅದು ನೀರನ್ನು ತಡೆಯುವುದಿಲ್ಲ. ಉಗುರಿಗೆ ಹಚ್ಚುವ ಈಗಿನ ಬಣ್ಣ ತಡೆಯುತ್ತದೆ. ಹೆಣೆದ ಜಡೆಯನ್ನು ಬಿಚ್ಚಲೇಬೇಕೆಂದಿಲ್ಲ, ಬುಡಕ್ಕೆ ನೀರು ಮುಟ್ಟಿದರೆ ಸರಿ.

ಈ ಹೆಂಗಸರ ವಿಷಯಗಳನ್ನು ಚಾಚಾ ನನಗೆ ಹೇಳಿದವರಲ್ಲ. ಚಾಚಿಯವರಿಂದ ನನ್ನ ಹೆಂಡತಿ ಕೇಳಿ ಬಂದದ್ದು. ತಿಂಗಳ ದಿನಗಳಲ್ಲಿ ಅವರು ನಮಾಜು ಮಾಡುವುದಿಲ್ಲ, ರೋಜಾ ಹಿಡಿಯುವುದಿಲ್ಲ, ಕುರಾನನ್ನು ಮುಟ್ಟುವುದಿಲ್ಲ. ತಪ್ಪಿದ ರೋಜಾವನ್ನು ಆಮೇಲೆ ಹಿಡಿದು ತೀರಿಸಬೇಕು. ತಪ್ಪಿದ ನಮಾಜನ್ನು ತೀರಿಸಬೇಕಾಗಿಲ್ಲ. ಆದರೆ ಅಡಿಗೆ ಅವರೇ ಮಾಡುತ್ತಾರೆ. ಪಂಕ್ತಿಯಲ್ಲಿ ಕೂಡುತ್ತಾರೆ. ಅವರು ಕುಡಿದು ಬಿಟ್ಟ ನೀರೂ ಕೆಟ್ಟದ್ದಲ್ಲ. “ಕೈಗೆ ಏನಾಗಿರ್ತದ, ಕೈ ಕೈನೇ ಅದ ಅಂದ್ರು” ಎಂದು ಹೇಳಿ ನನ್ನ ಹೆಂಡತಿ ಒಳಗೆ ಹೋದಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಅವಳು ಮೂರು ದಿನ ಬಾಲ್ಕನಿಯ ಬಾಗಿಲಿನ ಹತ್ತಿರ ಚಾಪೆ ಹಾಕಿಕೊಂಡು, ಮಗಳನ್ನೂ ಮುಟ್ಟದೆ ಕೂಡುತ್ತಾಳೆ. ಅವ್ವ ಇರುವ ತನಕ ಹಾಗೆಯೇ ಎಂದು ನಮ್ಮಲ್ಲಿ ಮಾತಿಲ್ಲದ ಒಂದು ಒಪ್ಪಂದ. ಒಪ್ಪಿದವರು ಯಾರು, ಅವಳೋ ನಾನೋ, ಎಂದು ಅಂದು ರಾತ್ರಿ ಯೋಚಿಸಿದೆ.

ಅವ್ವನ ಮಡಿಯನ್ನು ನಾನು ಹಗುರಾಗಿ ಹೇಳಲಾರೆ. ಬೆಳಗಿನ ಐದಕ್ಕೆ ತಣ್ಣೀರು. ಗಳದ ಮೇಲೆ ಕೋಲಿನಿಂದ ಹರವಿದ ಸೀರೆ. ಮುಸುರೆಯ ಕೈ ಬೇರೆ, ನೀರಿನ ಕೈ ಬೇರೆ. ಇದರಲ್ಲಿ ಅವಳಿಗೆ ಒಂದು ಸುಖವಿದೆ. ಅಪ್ಪ ಹೋದಮೇಲೆ ಅವಳ ದಿನಕ್ಕೆ ಆಕಾರ ಕೊಟ್ಟದ್ದು ಅದೇ. ಇವರ ಶುದ್ಧಿಗೂ ನಮ್ಮ ಮಡಿಗೂ ಹೋಲಿಕೆ ಬೇಕಾದಷ್ಟಿದೆ: ಬಲದಿಂದ ಆರಂಭ, ಸಂಕಲ್ಪ, ಮೂರು ಮೂರು ಸಲ. ಆದರೆ ಒಂದು ಕಡೆ ದಾರಿ ಬೇರೆಯಾಗುತ್ತದೆ. ಇವರಲ್ಲಿ ಅಶುದ್ಧಿ ಅವರವರದು, ಮುಟ್ಟಿದರೆ ಹತ್ತುವುದಿಲ್ಲ. ಸ್ನಾನವಾಗಬೇಕಾಗಿದ್ದ ಒಬ್ಬ ಶಿಷ್ಯ ಪೈಗಂಬರರನ್ನು ಕಂಡು ಮರೆಗೆ ಸರಿದುಹೋದನಂತೆ. ವಿಶ್ವಾಸಿ ಎಂದಿಗೂ ಮೈಲಿಗೆಯಾಗುವುದಿಲ್ಲವೆಂದು ಅವರು ಹೇಳಿದರೆಂದು ಪ್ರತೀತಿ.

ಪುಣೆಯಲ್ಲಿ ಈ ಮುಟ್ಟುವ ಪ್ರಶ್ನೆ ನೀರಿನೊಡನೆ ಹೇಗೆ ಹೆಣೆದುಕೊಂಡಿದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಪೇಶ್ವೆ ನಾನಾಸಾಹೇಬರು ಹದಿನೆಂಟನೆಯ ಶತಮಾನದ ನಡುವಿನಲ್ಲಿ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ತಂದು ಪೇಟೆಗಳಿಗೆ ಹೌದಗಳನ್ನು ಕಟ್ಟಿಸಿಕೊಟ್ಟರು. ಆ ಹೌದಗಳ ನೀರು ಎಲ್ಲರ ಕೈಗೂ ಸಿಕ್ಕಲಿಲ್ಲ. 1868ರಲ್ಲಿ ಮಹಾತ್ಮಾ ಫುಲೆಯವರು ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದಿಟ್ಟರು. ಗುರುವಾರ ಪೇಟೆಯ ಪಂಚಹೌದ ಮಿಶನ್ನಿನಲ್ಲಿ 1890ರಲ್ಲಿ ಟಿಳಕರು, ರಾನಡೆಯವರು ಮೊದಲಾದವರು ಚಹಾ ಕುಡಿದರೆಂದು ಪತ್ರಿಕೆಯಲ್ಲಿ ಹೆಸರುಗಳು ಬಂದು, ದೂರು ಶಂಕರಾಚಾರ್ಯರ ತನಕ ಹೋಗಿ, ಪ್ರಾಯಶ್ಚಿತ್ತವೂ ಆಯಿತು. ಆ ದಾರಿಯಾಗಿಯೇ ನನ್ನ ಬಸ್ಸು. ಗಂಟೆಗೋಪುರ ಕಂಡಾಗಲೆಲ್ಲ ನನಗೆ ಚಹಾ ನೆನಪಾಗುತ್ತದೆ. ಇದನ್ನು ಚಾಚಾರಿಗೆ ಹೇಳಿ, ನಿಮ್ಮಲ್ಲಿ ಈ ಕಾಟವಿಲ್ಲ ಎಂದೆ. ಅವರು ಹೆಗಲ ಮೇಲೆ ಕೈಯಿಟ್ಟು, “ಪುಸ್ತಕದಾಗ ಇಲ್ರಿ. ಊರಾಗ ಮೇಲಿನವ್ರು, ಕೆಳಗಿನವ್ರು ಅಂತ ನಮ್ಮೊಳಗೂ ಅದ. ಹೆಣ್ಣು ಕೊಡೂ ಹೊತ್ನ್ಯಾಗ ನೋಡ್ರಿ” ಎಂದರು.

ಕಳೆದ ವರ್ಷ ಚಾಚಾರ ತಂದೆಯವರು ಹಾಸಿಗೆ ಹಿಡಿದರು. ಚರ್ಮದ ಮೇಲೆಲ್ಲ ಹುಣ್ಣಾಗಿ, ನೀರು ಸೋಕಿಸಕೂಡದೆಂದು ವೈದ್ಯರ ಆಜ್ಞೆ. ನೋಡಲು ಹೋದೆ. ಮಂಚದ ಪಕ್ಕದಲ್ಲಿ ಒಂದು ಇಟ್ಟಿಗೆ ಇತ್ತು. ಮುದುಕರು ಅದರ ಮೇಲೆ ಎರಡೂ ಅಂಗೈ ತಟ್ಟಿ, ಧೂಳು ಕೊಡವಿ, ಮುಖ ಸವರಿಕೊಂಡರು. ಮತ್ತೊಮ್ಮೆ ತಟ್ಟಿ ಮೊಳಕೈವರೆಗೆ ತೋಳು ಸವರಿಕೊಂಡರು. ಇದು ತಯಮ್ಮುಮ್. ನೀರು ಸಿಗದ ಪಯಣಿಗನಿಗೂ, ನೀರು ತಾಗಬಾರದ ರೋಗಿಗೂ ಶುದ್ಧ ಮಣ್ಣು ನೀರಿನ ಬದಲಿಗೆ ಎಂದು ಕುರಾನಿನ ಐದನೆಯ ಅಧ್ಯಾಯದಲ್ಲಿ, ವಜೂವಿನ ವಿಧಿ ಹೇಳಿದ ವಾಕ್ಯದಲ್ಲಿಯೇ, ಹೇಳಿದೆ. ವಜೂವಿಗೂ ಗುಸಲ್‌ಗೂ ಅದೊಂದೇ ಬದಲಿ. ಮಣ್ಣಿನಿಂದ ಮೈ ತೊಳೆಯುವುದೆಂದರೆ ಮೊದಲು ನನಗೆ ನಗೆ ಬಂದಿತ್ತು. ಆ ನಡುಗುವ ಕೈಗಳನ್ನು ಕಂಡಮೇಲೆ ಬರಲಿಲ್ಲ.

ಎರಡು ವಾರಕ್ಕೆ ಅವರು ತೀರಿಕೊಂಡರು. ಕೊನೆಯ ಗುಸಲ್ ಇನ್ನೊಬ್ಬರು ಮಾಡಿಸುವುದು. ಮನೆಯ ಹಿತ್ತಿಲಲ್ಲಿ ಪರದೆ ಕಟ್ಟಿದ್ದರು, ನಾನು ಹೊರಗಿದ್ದೆ. ಬಾರಿಗಿಡದ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಬರುತ್ತಿತ್ತು. ಹೊಕ್ಕಳಿನಿಂದ ಮೊಳಕಾಲಿನವರೆಗೆ ಬಟ್ಟೆ ಮುಚ್ಚಿಯೇ ತೊಳೆಯುತ್ತಾರೆ, ಸತ್ತವನಿಗೂ ಮಾನವಿದೆ. ಮೂರು, ಐದು, ಹೀಗೆ ಬೆಸ ಎಣಿಕೆ. ಕಡೆಯ ಸಲದ ನೀರಿಗೆ ಕರ್ಪೂರ. ಆಮೇಲೆ ಹೊಲಿಗೆಯಿಲ್ಲದ ಮೂರು ಬಿಳಿಯ ಬಟ್ಟೆ, ಹೆಂಗಸಾದರೆ ಐದು. ತೊಳೆದವರು ಮಗ ಮತ್ತು ತಮ್ಮನ ಮಕ್ಕಳು. ಚಾಚಾ ಪರದೆಯಿಂದ ಈಚೆಗೆ ಬಂದಾಗ ಅಂಗಿ ಒದ್ದೆಯಾಗಿತ್ತು. ನನ್ನನ್ನು ನೋಡಿ, “ಸಣ್ಣಾಂವ ಇದ್ದಾಗ ಅಪ್ಪಾ ನನಗ ಹಿಂಗ ಎರೀತಿದ್ದ” ಎಂದರು. ಹೆಣ ತೊಳೆದವರೂ ಸ್ನಾನ ಮಾಡುವುದು ಒಳ್ಳೆಯದೆಂದಿದೆ. ಅವರು ಅದಕ್ಕೆ ಹೋದರು. ಕಬರಸ್ತಾನದಲ್ಲಿ ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಮನೆಗೆ ಬಂದರೆ ಅವ್ವ ಬಾಗಿಲು ತೆರೆದು, ಹಿಂದಕ್ಕೆ ಸರಿದು, ಬಚ್ಚಲ ಕಡೆ ಕೈ ತೋರಿಸಿದಳು. ಬಿಸಿನೀರು ತೋಡಿಟ್ಟಿದ್ದಳು. ಮಿಂದು ಬಂದಮೇಲೆ ಕೇಳಿದಳು: “ಏನ್ ಹಾಕಿ ಕಾಸ್ತಾರೋ ಅವ್ರು ನೀರು?” ಬಾರಿ ಎಲೆ ಎಂದೆ. “ರಥಸಪ್ತಮಿಗೆ ಎಕ್ಕದ ಎಲಿ ಜೋಡಿ ನಾವೂ ಅದನ್ನ ತಲಿ ಮ್ಯಾಲೆ ಇಟ್ಕೋತೀವಿ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಅಪ್ಪ ತೀರಿಕೊಂಡಾಗ ಚಾಚಾ ನಮ್ಮ ಮನೆಗೆ ಬಂದಿದ್ದರು. ನಾನು ಎರಡು ಕುರ್ಚಿಗಳನ್ನು ಹೊರಗೆ ಹಾದಿಗೆ ತಂದು ಹಾಕಿ ಅಲ್ಲಿಯೇ ಕೂಡಿಸಿದೆ. ಒಳಗೆ ಬಹಳ ಜನ, ಸೆಕೆ, ಎಂದೆ. ಒಳಗೆ ಅವ್ವ, ನನ್ನ ಹೆಂಡತಿ ಇಬ್ಬರೇ ಇದ್ದರು. ಅವರನ್ನು ಹೊರಗೆ ಕೂಡಿಸೆಂದು ಅವ್ವ ನನಗೆ ಹೇಳಿರಲಿಲ್ಲ. ನಾನಾಗಿಯೇ ಅವಳ ಮಡಿಯ ಹೆಸರಿನಲ್ಲಿ ಮಾಡಿದ್ದು. ಚಾಚಾರಿಗೆ ಗೊತ್ತಾಗದೆ ಇರಲಿಲ್ಲ. ಆಮೇಲೆ ಎಷ್ಟು ಕರೆದರೂ ಅವರು ಹಾದಿಯಿಂದ ಈಚೆಗೆ ಬಂದಿಲ್ಲ. “ಇಲ್ಲೇ ಗಾಳಿ ಚಲೋ ಬರ್ತದ್ರಿ” ಎನ್ನುತ್ತಾರೆ.

ಈ ಮೇ ತಿಂಗಳಲ್ಲಿ ನಮ್ಮ ಕಟ್ಟಡದ ಪಂಪು ಕೆಟ್ಟು ಎರಡು ದಿನ ನೀರಿಲ್ಲದಾಯಿತು. ಟ್ಯಾಂಕರಿನವನು ಬರುತ್ತೇನೆಂದವನು ಬರಲಿಲ್ಲ. ನಾನು ಕಛೇರಿಯಲ್ಲಿ ಈ ಗೋಳು ಹೇಳಿಕೊಂಡದ್ದೇ ತಡ, ಸಂಜೆ ಚಾಚಾರ ಮಗ ಸ್ಕೂಟರಿನಲ್ಲಿ ಎರಡು ಕ್ಯಾನು ನೀರು ತಂದು ಬಾಗಿಲ ಹೊರಗಿಟ್ಟು ಹೋದ. ನಾನು ಮನೆ ಮುಟ್ಟುವಾಗ ಕ್ಯಾನುಗಳು ಅಲ್ಲಿಯೇ ಇದ್ದುವು. ಅವ್ವ ಅವುಗಳ ಎದುರಿಗೆ, ಹೊಸ್ತಿಲ ಒಳಗೆ, ಮಣೆ ಹಾಕಿಕೊಂಡು ಕುಳಿತಿದ್ದಳು. ಒಂದನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಇನ್ನೊಂದನ್ನು ಎತ್ತಹೋದಾಗ “ಅದನ್ನ ಇತ್ತ ತಾ” ಎಂದಳು. ಇತ್ತ ಎಂದರೆ ಅಡಿಗೆಮನೆ. ನನ್ನ ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಅವ್ವ ನೀರನ್ನು ಹಿತ್ತಾಳೆಯ ಕೊಡಕ್ಕೆ ಸೋಸಿ, ಮೇಲೆ ಒಂದು ತುಳಸಿದಳ ಹಾಕಿದಳು. ಮೂವರೂ ಮಾತಾಡಲಿಲ್ಲ.

ಚಾಚಾ ಬರುವ ಮಾರ್ಚಿಗೆ ನಿವೃತ್ತರಾಗಿ ಇಂಡಿಗೆ ಹೋಗುತ್ತಾರೆ. ಅದಕ್ಕೆ ಮೊದಲು ಒಂದು ಊಟಕ್ಕೆ ಕರೆಯಬೇಕೆಂದು ಆ ರಾತ್ರಿ ಅವ್ವನಿಗೆ ಹೇಳಿದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸ್ವಲ್ಪ ಹೊತ್ತಾದಮೇಲೆ, “ಕೈಕಾಲು ಎಷ್ಟು ನೀರಾಗ ತೊಳೀತಾರಂದಿ ಅವ್ರು?” ಎಂದು ಕೇಳಿದಳು. ಮುಕ್ಕಾಲು ಲೀಟರು ಎಂದೆ. ಎದ್ದು ಹೋಗಿ ತನ್ನ ಪೂಜೆಯ ತಂಬಿಗೆಯನ್ನು ತಂದು, ಕೊಡದಿಂದ ಕಂಠದ ತನಕ ತುಂಬಿ, ದೀಪದ ಬೆಳಕಿಗೆ ಹಿಡಿದು ನೋಡಿದಳು.

“ಇಷ್ಟರಾಗ ಕಾಲೂ ಬಂತೇನು?” ಎಂದಳು.